ಎತ್ತಬಾರದ ಫೋನು

ಸಿರುಗುಪ್ಪದ ಕಡೆ ಏನಾದರೂ ಕೆಲಸ ಬಿತ್ತೆಂದರೆ ನಾನು ಮೊದಲು ನೆಪ ಹುಡುಕುತ್ತೇನೆ. ತಲೆನೋವು, ಬಿಸಿಲು ಬಹಳ, ಬಸ್ಸು ಸರಿಯಿಲ್ಲ, ಏನೋ ಒಂದು. "ನಿನಗೂ ಸಿರುಗುಪ್ಪಕ್ಕೂ ಏನು ಎಣ್ಣೆ ಸೀಗೆಕಾಯಿ?" ಎಂದು ಮನೆಯವರು ನಗುತ್ತಾರೆ. ನಕ್ಕರೆ ನಗಲಿ. ಹೋದ ವಾರ ಮಾತ್ರ ತಪ್ಪಿಸಿಕೊಳ್ಳಲು ಆಗಲಿಲ್ಲ. ನಾದಿನಿಯ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು, ನಾನು ಹೋಗದಿದ್ದರೆ ವರ್ಷಗಟ್ಟಲೆ ಮಾತು ಕೇಳಬೇಕಾಗುತ್ತಿತ್ತು. ಬಸ್ಸಿನಿಂದ ಕಾಲು ಕೆಳಗಿಟ್ಟೆ ಅಷ್ಟೆ, ಗಿರಣಿಗಳ ಕಡೆಯಿಂದ ಭತ್ತದ ಹೊಟ್ಟು ಸುಡುವ ವಾಸನೆ ಬಂದು ಮೂಗಿಗೆ ಬಡಿಯಿತು. ಮೈಯೆಲ್ಲ ಬೆವರು. ಸೆರಗಿನಿಂದ ಮುಖ ಮುಚ್ಚಿಕೊಂಡು ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟೆ. ಪಾಳಿ ಮುಗಿಸಿದ ಗಿರಣಿಯ ಹೆಂಗಸರು ತಲೆಗೂದಲ ಮೇಲೆಲ್ಲ ತೌಡಿನ ಧೂಳು ಹೊತ್ತು ನನ್ನ ಮುಂದೆಯೇ ಹೋಗುತ್ತಿದ್ದರು. ಅವರಲ್ಲಿ ಒಬ್ಬ ಮುದುಕಿ ತಿರುಗಿ ನನ್ನ ಮುಖ ನೋಡಿದರೆ ಏನು ಗತಿ ಎಂಬುದೇ ನನ್ನ ಹೆದರಿಕೆ. ಇಷ್ಟು ವರ್ಷವಾಗಿದೆ, ಆಕೆ ಇದ್ದಾಳೋ ಇಲ್ಲವೋ ಅದೂ ಗೊತ್ತಿಲ್ಲ, ಆದರೂ ಹೆದರಿಕೆ.

ಅದು ಹಂದಿಜ್ವರದ ವರ್ಷ. ಮೊನ್ನೆಯ ಕರೋನಾ ನೋಡಿದವರಿಗೆ ಅದು ನೆನಪಿರಲಿಕ್ಕಿಲ್ಲ. ಕರೋನಾದಲ್ಲಿ ಊರಿಗೆ ಊರೇ ಬಾಗಿಲು ಹಾಕಿಕೊಂಡಿತು, ಎಲ್ಲರೂ ಫೋನಿನಲ್ಲಿ ಮುಖ ನೋಡಿಕೊಂಡು ಅತ್ತರು. ಎಲ್ಲರೂ ಒಂಟಿ, ಹಾಗಾಗಿ ಒಂದು ಥರ ಎಲ್ಲರೂ ಜೊತೆ. ಹಂದಿಜ್ವರ ಹಾಗಿರಲಿಲ್ಲ. ಸಂತೆ ನಿಲ್ಲಲಿಲ್ಲ, ಲಾರಿ ನಿಲ್ಲಲಿಲ್ಲ, ಗಣಪತಿಯ ಮೆರವಣಿಗೆಯೂ ನಿಲ್ಲಲಿಲ್ಲ. ಜ್ವರ ಬಂದವರನ್ನು ಮಾತ್ರ ಎತ್ತಿ ಪಕ್ಕಕ್ಕೆ ಇಟ್ಟರು.

ಬಳ್ಳಾರಿಗೆ ಆಗ ಅದಿರಿನ ಅಮಲು ಏರಿತ್ತು. ಹೊಸಪೇಟೆ ರಸ್ತೆಯಲ್ಲಿ ಹಗಲೂ ಇರುಳೂ ಲಾರಿಗಳ ಸಾಲು, ಮರದ ಎಲೆಯಿಂದ ಹಿಡಿದು ಒಣಹಾಕಿದ ಬಟ್ಟೆಯವರೆಗೆ ಎಲ್ಲ ಕೆಂಪು. ಮೂಗಿಗೆ ಕರ್ಚೀಫು ಕಟ್ಟಿಕೊಳ್ಳುವುದು ನಮಗೆ ಹೊಸದಲ್ಲ, ಧೂಳಿಗೆ ಮೊದಲಿಂದಲೂ ಕಟ್ಟುತ್ತಿದ್ದೆವು. ಕೆಮ್ಮೂ ಹೊಸದಲ್ಲ. ಬೇರೆ ಊರಿನಲ್ಲಿ ಒಬ್ಬ ಕೆಮ್ಮಿದರೆ ಹತ್ತು ಜನ ತಿರುಗಿ ನೋಡುತ್ತಿದ್ದರಂತೆ. ನಮ್ಮಲ್ಲಿ ಯಾರ ಕೆಮ್ಮು ಧೂಳಿನದು, ಯಾರದು ಜ್ವರದ್ದು ಎಂದು ದೇವರಿಗೂ ತಿಳಿಯುತ್ತಿರಲಿಲ್ಲ.

ನಾನು ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಕಂಪ್ಯೂಟರ್ ಆಪರೇಟರ್. ಊರು ಕುರುಗೋಡು, ಅಪ್ಪ ಅವ್ವ ಇಬ್ಬರೂ ತೀರಿಕೊಂಡಿದ್ದರು, ಅಣ್ಣ ಒಬ್ಬನೇ. ಬಳ್ಳಾರಿಯಲ್ಲಿ ಒಂದು ಕೋಣೆ ಮಾಡಿಕೊಂಡು ಇದ್ದೆ. ನಲವತ್ತು ಲಾರಿ ಎಲ್ಲೆಲ್ಲಿವೆ ಎಂದು ಕಂಪ್ಯೂಟರಿಗೆ ತುಂಬುವುದು ನನ್ನ ಕೆಲಸ. ಅದನ್ನು ನಾನು ತಿಳಿಯುತ್ತಿದ್ದದ್ದು ಮಿಸ್‌ಕಾಲಿನಿಂದ. ಒಂದು ರಿಂಗ್ ಬಂದರೆ ಗಾಡಿ ಲೋಡಾಯಿತು, ಎರಡು ಬಂದರೆ ಖಾಲಿಯಾಯಿತು, ಮೂರು ಬಂದರೆ ಗಾಡಿ ಕೆಟ್ಟು ನಿಂತಿದೆ, ನೀವೇ ಫೋನು ಮಾಡಿ. ಎತ್ತುವಂತಿಲ್ಲ. ಅಪ್ಪಿತಪ್ಪಿ ಎತ್ತಿದೆನೋ, ಡ್ರೈವರ್ ಎರ್ರಿಸ್ವಾಮಣ್ಣ ಶುರು ಮಾಡುತ್ತಿದ್ದ: "ಏನವ್ವಾ ನೀಲಮ್ಮಾ, ಬಡವನ ಬ್ಯಾಲೆನ್ಸ್ ನುಂಗಿದ್ರ ನಿನಗ ಪುಣ್ಯ ಬರ್ತೈತೇನು?" ಇಡೀ ದಿನ ಫೋನು ಬಡಿಯುತ್ತಿತ್ತು, ಇಡೀ ದಿನ ನಾನು ಯಾರೊಂದಿಗೂ ಮಾತಾಡುತ್ತಿರಲಿಲ್ಲ. ಅದರಲ್ಲಿ ನಾನು ಬಹಳ ಜಾಣೆ ಎಂದು ನನಗೆ ಹೆಮ್ಮೆ ಬೇರೆ.

ಆ ವರ್ಷದ ರಂಜಾನ್ ತಿಂಗಳಲ್ಲಿ ಒಂದು ದಿನ ನನಗೆ ಜ್ವರ ಬಂತು. ಮೈ ಕೆಂಡ, ಗಂಟಲಲ್ಲಿ ಮುಳ್ಳು. ಕುಡತಿನಿಯಲ್ಲಿ ಗುತ್ತಿಗೆ ಕೆಲಸ ಮಾಡುತ್ತಿದ್ದ ಅಣ್ಣ ಬೈಕ್ ಮೇಲೆ ಬಂದ. ಮೂಗಿಗೆ ಎರಡೆರಡು ಕರ್ಚೀಫು ಕಟ್ಟಿಕೊಂಡಿದ್ದ. ಊರ ಹೊರಗಿನ ಒಂದು ಆಸ್ಪತ್ರೆಯ ಗೇಟಿನ ತನಕ ಬಿಟ್ಟು, "ಒಳಗ ನೀನ ಹೋಗವ್ವಾ. ಮನ್ಯಾಗ ಸಣ್ಣ ಹುಡುಗ್ರು ಅದಾವು. ಫೋನ್ ಮಾಡ್ತೀನಿ," ಎಂದ. ನಾನು ಗೇಟು ದಾಟುವ ಮೊದಲೇ ಬೈಕು ತಿರುಗಿಸಿದ. ನನಗೆ ಅವನ ಮೇಲೆ ಸಿಟ್ಟಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ಅವನ ಕಣ್ಣಲ್ಲಿದ್ದ ಹೆದರಿಕೆ ನನ್ನ ಕಣ್ಣಲ್ಲೂ ಇತ್ತು.

ಆಸ್ಪತ್ರೆಯ ಹಿಂದೆ ಒಂದು ಹಳೆಯ ಕಟ್ಟಡ. ಅಲ್ಲಿ ಹೆಂಗಸರಿಗೆ ಒಂದು ಕೋಣೆ, ಎರಡು ಮಂಚ. ಕಿಟಕಿಯ ಹೊರಗೆ ಹತ್ತು ಹೆಜ್ಜೆ ಬಿಟ್ಟು ನೆಲದ ಮೇಲೆ ಸುಣ್ಣದ ಗೆರೆ ಎಳೆದಿದ್ದರು. ನೋಡಲು ಬಂದವರು ಅದರ ಆಚೆ ನಿಲ್ಲಬೇಕು. ಗಂಟಲಿನ ದ್ರವ ತೆಗೆದುಕೊಂಡು ಬೆಂಗಳೂರಿಗೆ ಕಳಿಸಿದರು. ಅಲ್ಲಿಂದ ಉತ್ತರ ಬರುವ ತನಕ ನಮ್ಮದು ಹಂದಿಜ್ವರವೋ ಬರೇ ಜ್ವರವೋ ಯಾರಿಗೂ ಗೊತ್ತಿಲ್ಲ, ಆದರೆ ಊಟದ ತಟ್ಟೆಯನ್ನು ಮಾತ್ರ ಬಾಗಿಲ ಹೊರಗೇ ಇಟ್ಟು ಹೋಗುತ್ತಿದ್ದರು.

ನನ್ನ ಫೋನಿನಲ್ಲಿ ದಿನಕ್ಕೆ ನೂರು ಮೆಸೇಜು ಪುಕ್ಕಟೆ ಇದ್ದವು. ಆಫೀಸಿನವರಿಗೆ, ನೆಟ್ ಸೆಂಟರಿನಲ್ಲಿ ಕೂತು ಮಾಡಿಕೊಂಡ ಗೆಳೆಯ ಗೆಳತಿಯರಿಗೆ, ಎಲ್ಲರಿಗೂ ಮೆಸೇಜು ಹಾಕಿದೆ. ಮೊದಲ ದಿನ 'ಗೆಟ್ ವೆಲ್ ಸೂನ್' ಎಂದು ಬಂದೇ ಬಂದವು. ಕರ್ಪೂರ, ಏಲಕ್ಕಿ ಬಟ್ಟೆಯಲ್ಲಿ ಕಟ್ಟಿ ಮೂಸಿರಿ, ಈ ಮೆಸೇಜನ್ನು ಹತ್ತು ಜನಕ್ಕೆ ಕಳಿಸಿರಿ ಎಂದೂ ಬಂತು. ಎರಡನೆಯ ದಿನ ನಾಲ್ಕು. ಮೂರನೆಯ ದಿನ ಕಂಪನಿಯವರದೊಂದೇ, ಹೊಸ ಕಾಲರ್ ಟ್ಯೂನ್ ಹಾಕಿಸಿಕೊಳ್ಳಿ ಎಂದು. ಅಣ್ಣನಿಗೆ ಫೋನು ಹಚ್ಚಿದರೆ ಸ್ವಿಚ್ ಆಫ್. ಮೆಸೇಜು ಬಂತೇನೋ ಎಂದು ಐದು ನಿಮಿಷಕ್ಕೊಮ್ಮೆ ಫೋನು ತೆಗೆದು ನೋಡುವುದು, ಇಲ್ಲ ಎಂದು ಇಡುವುದು. ಫೋನು ಇಲ್ಲದಿದ್ದರೆ ಇಷ್ಟು ಒಂಟಿ ಅನಿಸುತ್ತಿರಲಿಲ್ಲವೋ ಏನೋ.

ಪಕ್ಕದ ಮಂಚದಲ್ಲಿ ರಮೀಜಾ. ನನಗಿಂತ ನಾಲ್ಕೈದು ವರ್ಷ ದೊಡ್ಡವಳು, ರಮೀಜಕ್ಕ ಎನ್ನುತ್ತಿದ್ದೆ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುತ್ತಿದ್ದಳು. ಗಂಡ ತಲಾಖ್ ಕೊಟ್ಟು ಎಷ್ಟೋ ವರ್ಷವಾಗಿತ್ತು. ಅವಳಿಗೆ ಲೋಕದಲ್ಲಿ ಇದ್ದದ್ದು ಒಂದೇ ಜೀವ, ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡುವ ತಾಯಿ ಹುಸೇನಬಿ. ಬಾಯಿ ಜೋರು ರಮೀಜಕ್ಕನದು. ಕೆಮ್ಮಿನ ನಡುವೆಯೇ ಜಗಳಕ್ಕೆ ನಿಲ್ಲುತ್ತಿದ್ದಳು.

"ಹಂದಿ ಮುಟ್ಟಿಲ್ಲ, ಸಾಕಿಲ್ಲ, ಎದುರಿಗೆ ಬಂದ್ರ ಮಾರಿ ಆ ಕಡಿ ತಿರುಗಿಸಿ ಹೋಗಾಕಿ ನಾನು. ನನಗ ಯಾಕ ಬಂತವ್ವಾ ಇದು? ಬ್ಯಾರೆ ಹೆಸರು ಸಿಗಲಿಲ್ಲೇನು ಈ ಡಾಕ್ಟರ್‌ಗೋಳಿಗೆ?"

"ಹೆಸರಿಗೇನು ಬಿಡಕ್ಕಾ, ಜ್ವರ ಜ್ವರಾನ."

"ನಿನಗೇನು ತಿಳೀತೈತಿ! ರಂಜಾನ್ ತಿಂಗಳಾಗ ಹಂದಿಜ್ವರ ಬಂದೈತಿ ಅಂದ್ರ ಓಣ್ಯಾಗ ನಮ್ಮ ಅಮ್ಮಿ ತಲಿ ಎತ್ತಿ ತಿರುಗಂಗಿಲ್ಲ. ಟೈಫಾಯ್ಡ್ ಅಂತ ಹೇಳೀನಿ ಆಕಿಗೆ. ಟೈಫಾಯ್ಡ್ ಅಂತನ ಇರಲಿ."

ಅದಕ್ಕೇ ದಾಖಲಾಗುವಾಗ ಮನೆಯವರ ಫೋನ್ ನಂಬರು ಕೇಳಿದರೆ ಅವಳು ತನ್ನದೇ ನಂಬರು ಬರೆಸಿದ್ದಳು. ಆಸ್ಪತ್ರೆಯವರು ತಾಯಿಗೆ ಫೋನು ಮಾಡಿ ಹಂದಿ ಎಂದುಬಿಟ್ಟರೆ? ಹೀಗೆ ಮಾಡಿದೆ ನೋಡು ಎಂದು ನನಗೆ ಹೇಳಿ ನಕ್ಕಳು. ನಾನೂ ನಕ್ಕೆ.

ಕಷ್ಟ ಇದ್ದದ್ದು ಮಾತಾಡುವುದರಲ್ಲಿ. ಬಾಯಿ ತೆರೆದರೆ ಕೆಮ್ಮು. ಮಗಳ ಕೆಮ್ಮು ಕೇಳಿದ ಹುಸೇನಬಿ, "ನಾ ಬರ್ತೀನಿ, ಈಗ ಬಸ್ ಹತ್ತತೀನಿ," ಎಂದು ಅತ್ತ ಅಳುವುದು, ಬಂದರೆ ಗುಟ್ಟು ರಟ್ಟಾಗುತ್ತದೆ ಎಂದು ಇವಳು ಇತ್ತ ನಡುಗುವುದು. ಆಗ ನನ್ನ ಜಾಣತನ ಎದ್ದು ಕೂತಿತು. "ಮಾತು ಯಾಕಕ್ಕಾ? ರಿಂಗ್ ಕೊಡು ಸಾಕು," ಎಂದೆ. ನಮ್ಮ ಲಾರಿಯವರ ಪದ್ಧತಿಯನ್ನು ಅವಳಿಗೆ ಹೇಳಿಕೊಟ್ಟೆ. ಮುಂಜಾನೆ ನಮಾಜಿನ ಹೊತ್ತು ಮುಗಿದ ಮೇಲೆ ರಮೀಜಕ್ಕ ಒಂದು ರಿಂಗ್ ಕೊಡಬೇಕು. ಹಾಗೆಂದರೆ ಆರಾಮ ಇದ್ದೇನೆ. ತಾಯಿ ಅದನ್ನು ಎತ್ತಬಾರದು. ನಿಂತ ಮೇಲೆ ತಾನೊಂದು ರಿಂಗ್ ವಾಪಸ್ ಕೊಡಬೇಕು. ಹಾಗೆಂದರೆ, ನಿನ್ನ ರಿಂಗ್ ಕೇಳಿದೆ.

ಮುದುಕಿಗೆ ಓದು ಬರಹ ಬಾರದು, ಫೋನು ಬಡಿದರೆ ಗಬಕ್ಕನೆ ಎತ್ತುವ ಚಾಳಿ. ಅದಕ್ಕೂ ನಾನೇ ದಾರಿ ಹೇಳಿದೆ. ರಮೀಜಕ್ಕ ಕೊನೆಯ ಸಲ ತಾಯಿಯೊಂದಿಗೆ ಮಾತಾಡುವಾಗ ನಾನು ಪಕ್ಕದಿಂದ ಪಿಸುಗುಟ್ಟುತ್ತಿದ್ದೆ, ಅವಳು ಅದನ್ನೇ ಹೇಳುತ್ತಿದ್ದಳು: "ಅಮ್ಮಿ, ನನ್ನ ಫೋನ್ ಎಷ್ಟು ಬಡದ್ರೂ ಎತ್ತಬ್ಯಾಡ. ಎತ್ತಿದ್ರ ನನ್ನ ಬ್ಯಾಲೆನ್ಸ್ ಹೊಕ್ಕೈತಿ, ಆಮ್ಯಾಲೆ ರಿಂಗ್ ಕೊಡಾಕೂ ಬರಂಗಿಲ್ಲ. ಬ್ಯಾರೆ ಯಾರದು ಬಂದ್ರೂ ಎತ್ತಬ್ಯಾಡ, ಕಂಪನಿಯವರು ಅದಾರ, ದುಡ್ಡು ಹಿಡೀತಾರ. ನನ್ನ ಮ್ಯಾಲೆ ಆಣಿ ಐತಿ." ಆಣೆಯ ಮಾತು ಮಾತ್ರ ನಾನು ಹೇಳಿಕೊಟ್ಟದ್ದಲ್ಲ.

ಮೂರು ಮುಂಜಾನೆ ಅದು ಗಡಿಯಾರದ ಹಾಗೆ ನಡೆಯಿತು. ರಮೀಜಕ್ಕ ತನ್ನ ಫೋನಿಗೆ ಕೋಳಿ ಕೂಗುವ ರಿಂಗ್‌ಟೋನು ಹಾಕಿಕೊಂಡಿದ್ದಳು. ತಾಯಿಯ ರಿಂಗ್ ಬಂದಾಗ ಕೋಳಿ ಅರ್ಧ ಕೂಗಿ ನಿಲ್ಲುತ್ತಿತ್ತು. "ಕೇಳ್ತು ಮುದುಕಿಗೆ," ಎಂದು ರಮೀಜಕ್ಕ ಮಗ್ಗಲು ಬದಲಿಸುತ್ತಿದ್ದಳು. ನಾನು ಗೋಡೆಯ ಕಡೆ ಮುಖ ಮಾಡಿ ಮಲಗಿ ಆ ಅರ್ಧ ಕೂಗು ಕೇಳುತ್ತಿದ್ದೆ. ಹೊಟ್ಟೆಕಿಚ್ಚಾಗುತ್ತಿತ್ತು, ಇದ್ದದ್ದು ಹೇಳಬೇಕು.

ಮಂಗಳವಾರ ಮಧ್ಯಾಹ್ನ ರಮೀಜಕ್ಕನಿಗೆ ಉಸಿರು ಹಿಡಿಯಿತು. ತುಟಿ ನೀಲಿಯಾಯಿತು. ಮೈತುಂಬ ಪ್ಲಾಸ್ಟಿಕ್ ತೊಟ್ಟ ಇಬ್ಬರು ಸ್ಟ್ರೆಚರ್ ತಂದರು. ಮುಂದಿನ ಕಟ್ಟಡದಲ್ಲಿ ಉಸಿರಾಟದ ಯಂತ್ರ ಇತ್ತು, ಅಲ್ಲಿಗೆ. ಹೊರಡುವಾಗ ಅವಳು ದಿಂಬಿನ ಕೆಳಗಿಂದ ಫೋನು, ಚಾರ್ಜರು ತೆಗೆದು ನನ್ನ ಕೈಗಿಟ್ಟಳು.

"ಅಲ್ಲಿ ಫೋನ್ ಬಿಡಂಗಿಲ್ಲಂತ. ಮುಂಜಾನಿ ಅಮ್ಮಿಗೆ ಒಂದು ರಿಂಗ್ ಕೊಡವ್ವಾ. ಮರೀಬ್ಯಾಡ, ಬರದಿದ್ರ ಆಕಿ ಓಡಿ ಬರ್ತಾಳ."

"ಕೊಡ್ತೀನಿ ಹೋಗಕ್ಕಾ. ನೀ ಆರಾಮಾಗಿ ಬಾ."

ಬುಧವಾರ ಮುಂಜಾನೆ ಕೊಟ್ಟೆ. ಅರ್ಧ ಕೋಳಿ ವಾಪಸ್ ಬಂತು. ಅವತ್ತು ನಾನು ಕೊಟ್ಟದ್ದು ಸುಳ್ಳಲ್ಲ. ಅವಳು ಇದ್ದಳು.

ಅದೇ ದಿನ ಊಟದ ಹೊತ್ತಿಗೆ ಕೋಳಿ ಪೂರ್ತಿ ಕೂಗಿತು. ಒಂದು ಸಲ, ಎರಡು ಸಲ, ಮೂರು ಸಲ. ತೆರೆಯ ಮೇಲೆ ಬಳ್ಳಾರಿಯ ಲ್ಯಾಂಡ್‌ಲೈನ್ ನಂಬರು. ಎತ್ತಿದೆ.

"ಹಲೋ, ರಮೀಜಾ ಅವರ ಕಡಿಯವರೇನ್ರಿ?" ಯಾರೋ ಗಂಡಸು.

ಪಕ್ಕದ ಮಂಚದವಳು ನಾನು. ಕಡೆಯವಳೇ ಆದೆನಲ್ಲ. "ಹ್ಞೂಂ," ಎಂದೆ.

"ಆಸ್ಪತ್ರಿ ಆಫೀಸಿನಿಂದ ಮಾತಾಡಾಕ ಹತ್ತೀನ್ರಿ. ಅವರು ಈಗ ಅರ್ಧ ತಾಸಿನ ಹಿಂದ ತೀರ್ಕೊಂಡ್ರು. ಬಾಡಿ ತಗೊಂಡು ಹೋಗಾಕ ಬರ್ರಿ. ಸಹಿ ಮಾಡೋದೈತಿ."

ಆತ ಇಟ್ಟುಬಿಟ್ಟ. ತಿಳಿಸಿಯಾಯಿತು ಎಂದು ತನ್ನ ಪುಸ್ತಕದಲ್ಲಿ ಬರೆದುಕೊಂಡಿರಬೇಕು. ಆತ ಮಾತಾಡಿದ ಕಟ್ಟಡ ನನ್ನ ಕಿಟಕಿಯಿಂದ ಕಾಣುತ್ತಿತ್ತು. ಸಿರುಗುಪ್ಪಕ್ಕೆ ಹೋಗಬೇಕಾದ ಸುದ್ದಿ ನೂರು ಹೆಜ್ಜೆ ಬಂದು ನನ್ನ ಕೈಯಲ್ಲಿ ನಿಂತಿತು. ಇನ್ನು ಅದು ಮುಂದೆ ಹೋಗುವುದಿದ್ದರೆ ನನ್ನಿಂದಲೇ ಹೋಗಬೇಕು.

ನಾನು ಏನು ಮಾಡಿದೆ? ಏನೂ ಮಾಡಲಿಲ್ಲ. ಹೊದಿಕೆ ತಲೆಯ ತನಕ ಎಳೆದುಕೊಂಡು ಮಲಗಿದೆ. ನಾಲ್ಕು ದಿನದ ಹಿಂದೆ ಜಗಳವಾಡುತ್ತಿದ್ದ ಹೆಂಗಸು. ಅವಳಿಗಿದ್ದ ಜ್ವರವೇ ನನಗೂ. ಅವಳು ನುಂಗಿದ ಮಾತ್ರೆಯೇ ನನಗೂ. ರಮೀಜಕ್ಕ ಸತ್ತಳು ಎಂದು ಬಾಯಿಬಿಟ್ಟು ಒಬ್ಬರಿಗೆ ಹೇಳಿದರೆ ಮುಂದಿನ ಸರದಿ ನನ್ನದು ಎಂದು ನಾನೇ ಒಪ್ಪಿಕೊಂಡ ಹಾಗೆ ಅನಿಸಿತು. ಖಾಲಿ ಮಂಚದ ಕಡೆ ನೋಡುವುದಕ್ಕೂ ಹೆದರಿಕೆ. ಉಸಿರು ಸರಿಯಾಗಿ ಒಳಗೆ ಹೋಗುತ್ತಿದೆಯೋ ಇಲ್ಲವೋ ಎಂದು ಎಣಿಸುತ್ತ ಬಿದ್ದಿದ್ದೆ. ಎಣಿಸಿದಷ್ಟೂ ಉಸಿರು ಸಿಕ್ಕಿಹಾಕಿಕೊಳ್ಳುತ್ತಿತ್ತು.

ಗುರುವಾರ ಬೆಳಕು ಹರಿಯಿತು. ದೂರದ ಮಸೀದಿಯ ಕೂಗು ಕೇಳಿಸಿತು. ಈಗ ಹೇಳಬೇಕು ಎಂದು ಫೋನು ಕೈಗೆ ತೆಗೆದುಕೊಂಡೆ. 'ಅಮ್ಮಿ' ಎಂಬ ಹೆಸರು ಒತ್ತಿದೆ. ಒಂದು ರಿಂಗ್ ಹೋಯಿತು. ಕೈ ತಾನಾಗಿ ಕೆಂಪು ಗುಂಡಿ ಒತ್ತಿಬಿಟ್ಟಿತು.

ಐದು ನಿಮಿಷದಲ್ಲಿ ಅರ್ಧ ಕೋಳಿ ಕೂಗಿತು: ಕೇಳಿದೆ.

ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ, ಈಗ ಬರೆಯುತ್ತೇನೆ. ಮುದುಕಿಯ ಎದೆ ಒಡೆಯಬಾರದು ಎಂದು ನಾನು ರಿಂಗ್ ಕೊಟ್ಟೆ ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ. ಶುದ್ಧ ಸುಳ್ಳು. ಆ ಅರ್ಧ ಕೂಗು ನನಗೆ ಬೇಕಾಗಿತ್ತು. ನನ್ನ ಫೋನು ಮೂರು ದಿನದಿಂದ ಸತ್ತು ಬಿದ್ದಿತ್ತು. ಈ ಫೋನಿನ ಆ ತುದಿಯಲ್ಲಿ ಒಂದು ಜೀವ ಉಪವಾಸ ಹಿಡಿದು, ನಮಾಜು ಮುಗಿಸಿ, ನಾನು ಬದುಕಿದ್ದೇನೋ ಇಲ್ಲವೋ ಎಂದು ಕಾಯುತ್ತಿತ್ತು. ನಾನಲ್ಲ, ಅವಳ ಮಗಳು, ಗೊತ್ತು. ಆದರೂ ರಿಂಗ್ ಕೊಟ್ಟವಳು ನಾನೇ ತಾನೆ, ವಾಪಸ್ ಬಂದದ್ದು ನನ್ನ ಕೈಗೇ ತಾನೆ? ಅದನ್ನು ಎದೆಗೊತ್ತಿಕೊಂಡು ಅತ್ತೆ. ಶುಕ್ರವಾರ ಮುಂಜಾನೆಯೂ ಕೊಟ್ಟೆ.

ಶುಕ್ರವಾರ ಮಧ್ಯಾಹ್ನ ಲ್ಯಾಂಡ್‌ಲೈನ್ ಮತ್ತೆ ಬಂತು.

"ಏನ್ರೀ ನೀವು, ಎರಡು ದಿನ ಆತು! ಮನುಷ್ಯರೇನ್ರೀ ನೀವು? ಈ ಜ್ವರದ ಬಾಡಿ ಇಟ್ಕೊಂಡು ಕುಂದ್ರಾಕ ಆಗಂಗಿಲ್ಲ. ಸಂಜಿ ಆರರ ಮಟ ನೋಡ್ತೀವಿ. ಬರಲಿಲ್ಲಂದ್ರ ದಿಕ್ಕಿಲ್ಲದ ಹೆಣ ಅಂತ ನಾವ ಮಣ್ಣು ಮಾಡಿಸ್ತೀವಿ."

ದಿಕ್ಕಿಲ್ಲದ ಹೆಣ! ನಾನು ದಡಬಡಿಸಿ ಎದ್ದು ಕೂತೆ. "ಸರ್, ನಾನು ಅವರ ಕಡಿಯಾಕಿ ಅಲ್ರಿ. ಹಿಂದಿನ ವಾರ್ಡಿನ ಪೇಷಂಟ್. ಅವರ ಫೋನ್ ನನ್ನ ಹತ್ರ ಉಳಕೊಂಡೈತಿ. ಅವರ ತಾಯಿಗೆ ಗೊತ್ತ ಇಲ್ಲರಿ."

"ಬುಧವಾರ ಬಾಯಾಗ ಏನು ಇಟ್ಕೊಂಡಿದ್ರೀ?" ಎಂದ ಆತ. ಆಮೇಲೆ ದನಿ ಇಳಿಸಿ, "ಆರು ಗಂಟಿ. ಅದರ ಮ್ಯಾಲೆ ನನ್ನ ಕೈಯಾಗ ಇಲ್ಲವ್ವಾ," ಎಂದ.

'ಅಮ್ಮಿ' ಒತ್ತಿದೆ. ರಿಂಗ್ ಹೋಯಿತು, ಹೋಯಿತು, ಹೋಯಿತು, ತಾನಾಗಿ ನಿಂತಿತು. ಎತ್ತಲಿಲ್ಲ. ಅರ್ಧ ನಿಮಿಷಕ್ಕೆ ಕೋಳಿ ಅರ್ಧ ಕೂಗಿತು: ಕೇಳಿದೆ.

ಮತ್ತೆ ಒತ್ತಿದೆ. ಪೂರ್ತಿ ಬಡಿದು ನಿಂತಿತು. ಮತ್ತೆ ಅರ್ಧ ಕೋಳಿ: ಕೇಳಿದೆ, ಕೇಳಿದೆ. "ಎತ್ತಮ್ಮಾ, ಎತ್ತು, ನಿನಗ ಕೈ ಮುಗೀತೀನಿ," ಎಂದು ಫೋನಿಗೆ ಕಿರುಚಿದೆ. ನನ್ನ ಫೋನಿನಿಂದಾದರೂ ಎತ್ತಬಹುದೆಂದು ಅವಳ ಫೋನು ನೋಡಿ ಒಂದೊಂದೇ ಅಂಕಿ ಒತ್ತಿದೆ. ಎತ್ತಲಿಲ್ಲ. ಹೊಸ ನಂಬರು ಎಂದರೆ ಕಂಪನಿಯವರು. ಹತ್ತು ಸಲ, ಹದಿನೈದು ಸಲ ಮಾಡಿದೆ, ಒಮ್ಮೆ ಈ ಫೋನು, ಒಮ್ಮೆ ಆ ಫೋನು. ಮಗಳ ಮೇಲಿನ ಆಣೆಯನ್ನು ಮುದುಕಿ ಮುರಿಯಲಿಲ್ಲ. ಮಗಳು ಬದುಕಿದ್ದಾಳೆ ಎಂದು ಸಂತೋಷಪಟ್ಟು ಪ್ರತಿ ಸಲವೂ ಒಂದು ರಿಂಗ್ ವಾಪಸ್ ಕೊಟ್ಟಳು. ನನ್ನ ಜಾಣತನದ ಗಂಟು ನನಗೇ ಬಿಚ್ಚಲು ಬರಲಿಲ್ಲ. ಕಿಟಕಿಯ ನೆರಳು ನೆಲದ ಮೇಲೆ ಸರಿಯುತ್ತಿತ್ತು.

ಕೊನೆಗೆ ಎರ್ರಿಸ್ವಾಮಣ್ಣನ ನೆನಪಾಯಿತು. ಎಲ್ಲ ಗಾಡಿ ಅದಿರು ಹೊರುತ್ತಿದ್ದರೂ ನಮ್ಮ ಆಫೀಸಿನ ಎರಡು ಗಾಡಿ ಮಾತ್ರ ಹಳೆಯ ಗಿರಾಕಿಗಳೆಂದು ಸಿರುಗುಪ್ಪದ ಅಕ್ಕಿ ಹೊರುತ್ತಿದ್ದವು. ಒಂದು ಅವನದು. ಫೋನು ಹಚ್ಚಿದೆ. ಮೊದಲ ರಿಂಗಿಗೇ ಎತ್ತಿದ.

"ಬದುಕಿದ್ದೀಯೇನವ್ವಾ ನೀಲಮ್ಮಾ! ಏನೇನೋ ಅಂತಿದ್ರು ಆಫೀಸಿನಾಗ."

ಆ ದನಿ ಕೇಳಿ ನನಗೆ ಅಳು ತಡೆಯಲಿಲ್ಲ. "ಎಲ್ಲಿದ್ದೀ ಅಣ್ಣಾ?"

"ಸಿರುಗುಪ್ಪದಾಗ. ಲೋಡ್ ಆತು, ಇನ್ನೇನು ಹೊರಡಾಕ ಹತ್ತೀನಿ."

ಎಲ್ಲ ಹೇಳಿದೆ. ರಿಂಗಿನ ವಿಷಯ ಒಂದನ್ನು ಬಿಟ್ಟು. ಅವನು, "ಆಕಿಗೆ ನಾ ಏನಂತ ಹೇಳಲವ್ವಾ? ನನ್ನ ಬಾಯಿಲೆ ಆಗಂಗಿಲ್ಲ," ಎಂದ. "ಮಗಳಿಗೆ ಜ್ವರ ಜೋರೈತಿ, ಕರ್ಕೊಂಡು ಬಾ ಅಂದಾರ ಅಂತ ಅಷ್ಟ ಹೇಳು," ಎಂದೆ. ಅಲ್ಲಿಗೆ ಇನ್ನೊಂದು ಸುಳ್ಳು. ಅವನು ಗಿರಣಿ ಗಿರಣಿ ಕೇಳಿ ಹುಡುಕಿ, ಮುದುಕಿಯನ್ನು ಲಾರಿಯ ಕ್ಯಾಬಿನ್ನಿನಲ್ಲಿ ಕೂರಿಸಿಕೊಂಡು ಹೊರಟಾಗ ಮೂರೂವರೆ. ದಾರಿಯುದ್ದಕ್ಕೂ ಮುದುಕಿ, "ಮುಂಜಾನಿ ರಿಂಗ್ ಬಂದೈತಪ್ಪಾ. ಮಧ್ಯಾಹ್ನದ ಮ್ಯಾಲೂ ಹತ್ತು ಸಲ ಬಂದೈತಿ. ಜೋರ್ ಹೆಂಗ ಆಕ್ಕೈತಿ?" ಎಂದು ಕೇಳುತ್ತಲೇ ಇದ್ದಳಂತೆ. ಆ ರಸ್ತೆಯ ಗುಂಡಿಗಳಲ್ಲಿ ತುಂಬಿದ ಲಾರಿಯನ್ನು ಅವನು ಅವತ್ತು ಹೇಗೆ ಓಡಿಸಿದನೋ, ಆರಕ್ಕೆ ಹತ್ತು ನಿಮಿಷ ಇರುವಾಗ ಮೂರು ರಿಂಗ್ ಕೊಟ್ಟ. ಗಾಡಿ ಆಸ್ಪತ್ರೆಯ ಗೇಟಿಗೆ ಬಂದು ನಿಂತಿದೆ ಎಂದು ತಿಳಿದುಕೊಂಡೆ.

ಕಿಟಕಿಯಿಂದ ನೋಡಿದೆ. ಎದುರಿನ ಕಟ್ಟಡದ ಬಾಗಿಲಿಗೆ ಒಬ್ಬ ಸಣ್ಣ ಮುದುಕಿ ಒಬ್ಬಳೇ ಹೋಗುತ್ತಿದ್ದಳು. ತಲೆಯ ಮೇಲೆ ಸೆರಗು, ಸೆರಗಿನ ಮೇಲೆ ತೌಡಿನ ಧೂಳು. ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಒಂದು ಕೂಗು ಕೇಳಿಸಿತು. ನಾನು ಎರಡೂ ಕಿವಿ ಮುಚ್ಚಿಕೊಂಡೆ. ಮುಚ್ಚಿಕೊಂಡರೂ ಕೇಳಿಸಿತು.

ಇಫ್ತಾರಿನ ಹೊತ್ತು ಮೀರಿತ್ತು. ಹುಸೇನಬಿ ಬಂದು ಸುಣ್ಣದ ಗೆರೆಯ ಆಚೆ ನಿಂತಳು. ಗೆರೆಯ ಆಚೆ ನನಗಾಗಿ ಬಂದು ನಿಂತವರು ಆಕೆಯೊಬ್ಬಳೇ. ಅಳುತ್ತಿರಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು.

"ನನ್ನ ಮಗಳ ಫೋನ್ ನಿನ್ನ ಹತ್ರ ಐತೇನವ್ವಾ?"

"ಹ್ಞೂಂ ಅಮ್ಮಾ."

"ಬುಧವಾರ ಮಧ್ಯಾಹ್ನ ಹೋದ್ಲಂತ. ಆಫೀಸಿನಾತ ಹೇಳಿದ." ಬೆರಳು ಮಡಚಿ ಎಣಿಸಿದಳು. "ನಿನ್ನಿ ರಿಂಗ್ ಯಾರು ಕೊಟ್ರು?"

"ನಾನು."

"ಇವತ್ತು ಮುಂಜಾನಿ?"

"ನಾನ ಅಮ್ಮಾ."

ಆಕೆ ಕಿಟಕಿಯ ಸರಳುಗಳ ನಡುವೆ ನನ್ನ ಮುಖ ಹುಡುಕಿದಳು. ಹಿಂದೆ ಸರಿಯಬೇಕೆನಿಸಿತು, ಸರಳು ಹಿಡಿದುಕೊಂಡೆ.

"ನಿನ್ನ ರಿಂಗಿಗೆ ನಾ ಅಲ್ಹಮ್ದುಲಿಲ್ಲಾ ಅಂದೀನಿ," ಎಂದಳು. "ನನ್ನ ಮಗಳು ಅಲ್ಲಿ ತಣ್ಣಗ ಬಿದ್ದಿದ್ಲು. ನಾ ಊರಾಗ ಅಲ್ಲಾಗ ಶುಕ್ರ್ ಹೇಳಿ, ನಕ್ಕೊಂತ ಗಿರಣಿಗೆ ಹೋಗೀನಿ. ಎರಡು ದಿನ."

ನಾನು ತಪ್ಪಾಯಿತು ಎನ್ನಲಿಲ್ಲ. ಅಷ್ಟು ಸಣ್ಣ ಮಾತನ್ನು ಆಕೆಯ ಮುಂದೆ ಇಡಲು ನಾಚಿಕೆಯಾಯಿತು. ಸಿಸ್ಟರ್ ಬಂದು ಫೋನನ್ನು ಸ್ಪಿರಿಟ್ಟಿನಿಂದ ಒರೆಸಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಗೆರೆಯ ಮೇಲೆ ಇಟ್ಟು ಹೋದರು. ಹುಸೇನಬಿ ಬಗ್ಗಿ ಎತ್ತಿಕೊಂಡು ಸೆರಗಿನಲ್ಲಿ ಗಂಟು ಕಟ್ಟಿದಳು. ನಾಲ್ಕು ಹೆಜ್ಜೆ ಹೋದವಳು ತಿರುಗಿದಳು.

"ಮಣ್ಣಿಗೆ ಹಾಕೋ ಮೊದಲ ಮಾರಿ ನೋಡಿದೆ. ನೋಡಾಕ ಕರೆಸಿದಾಕಿನೂ ನೀನ ಅಂತ. ನಿನಗ ಶಾಪ ಹಾಕಲೋ, ದುವಾ ಮಾಡಲೋ, ನನಗ ತಿಳಿವಲ್ದು. ಎರಡೂ ಬಿಟ್ಟು ಹೊಕ್ಕೀನಿ."

ಹೋದಳು. ನಾನು ಮಂಚದ ಮೇಲೆ ಕೂತೆ. ಆಗ ನನಗೆ ಒಂದು ಮಾತು ಹೊಳೆಯಿತು. ಗೇಟಿನಿಂದ ಒಬ್ಬಳೇ ಒಳಗೆ ಬಂದವಳು ನಾನು. ಮನೆಯವರ ನಂಬರು ಕೇಳಿದಾಗ ಅಣ್ಣನ ಮೇಲಿನ ಸಿಟ್ಟಿನಲ್ಲಿ ನಾನೂ ನನ್ನದೇ ನಂಬರು ಬರೆಸಿದ್ದೆ.

ಸಿಸ್ಟರ್ ಜ್ವರ ನೋಡಲು ಬಂದಾಗ ಅವರ ಕೈ ಹಿಡಿದುಕೊಂಡೆ. ಅವರು ಬೆಚ್ಚಿ ಕೈ ಬಿಡಿಸಿಕೊಂಡರು. "ನನ್ನ ಫಾರ್ಮಿನಾಗ ನಂಬರ್ ಬದ್ಲಿ ಮಾಡಬೇಕ್ರಿ ಸಿಸ್ಟರ್. ಈಗ ಮಾಡಬೇಕು."

"ಆತು ಆತು, ಗಾಬರಿ ಆಗಬ್ಯಾಡ್ರಿ," ಎಂದು ಅವರು ಫೈಲು ತಂದು, ಹಳೆಯ ನಂಬರಿನ ಮೇಲೆ ಗೆರೆ ಎಳೆದು, ಪೆನ್ನು ಹಿಡಿದು ನಿಂತರು. "ಹೇಳ್ರಿ. ಯಾರದು ಬರೀಲಿ?"

ಅಣ್ಣನದು ಸ್ವಿಚ್ ಆಫ್. ಆಫೀಸಿನ ನಂಬರಿಗೆ ನಾನೇ ಕೂತಿರುತ್ತಿದ್ದೆ, ಈಗ ಅಲ್ಲಿ ಯಾರು ಕೂತಿದ್ದಾರೋ. ಫೋನಿನಲ್ಲಿದ್ದ ನೂರಾರು ಹೆಸರುಗಳಲ್ಲಿ ಯಾರ ನಂಬರೂ ನನಗೆ ಬಾಯಿಗೆ ಬರುತ್ತಿರಲಿಲ್ಲ. ಬಾಯಿ ತಾನಾಗಿ ಹತ್ತು ಅಂಕಿ ಹೇಳಿತು. ಮಧ್ಯಾಹ್ನವಿಡೀ ಒತ್ತಿ ಒತ್ತಿ ಅದೊಂದೇ ಬಾಯಿಪಾಠವಾಗಿತ್ತು.

"ಹೆಸರು?"

"ಹುಸೇನಬಿ. ಸಿರುಗುಪ್ಪ."

ಸಿಸ್ಟರ್ ತಲೆಯೆತ್ತಿ ನನ್ನನ್ನು ನೋಡಿದರು. ನನ್ನ ಹೆಸರು ನೋಡಿದರು. "ಇವರು ನಿಮಗ ಏನಾಗಬೇಕು?"

"ತಾಯಿ ಅಂತ ಬರ್ಕೊಳ್ರಿ," ಎಂದೆ.

ಅವರು ಬರೆದುಕೊಂಡರು. ಆ ನಂಬರಿಗೆ ಎಷ್ಟು ಬಡಿದರೂ ಯಾರೂ ಎತ್ತುವುದಿಲ್ಲ ಎಂದು ನಾನು ಅವರಿಗೆ ಹೇಳಲಿಲ್ಲ.